ನಿಮಿಷಕ್ಕೆ ನಲವತ್ತೆರಡು ಹನಿ

ಜೂನ್ 9

ಅತ್ತಿಗೆಗೆ ನಮಸ್ಕಾರ.

ಇದನ್ನೆಲ್ಲ ಹೇಳಬೇಕೆಂದೇ ಭಾನುವಾರ ಫೋನ್ ಮಾಡಿದ್ದೆ. ನೀವು ಎಂದಿನಂತೆ ‘ಹೂಂ, ಹೂಂ, ಸಂತೋಷ’ ಎಂದು ಅಣ್ಣನ ಕೈಗೆ ಕೊಟ್ಟುಬಿಟ್ಟಿರಿ. ನಾನು ಹೇಳಹೊರಟದ್ದು ಸಂತೋಷದ ವಿಷಯವಾಗಿರಲಿಲ್ಲ. ಅಣ್ಣನಿಗೆ ಹೇಳಿದರೆ, ‘ಏ, ಇಡೀ ವಾರ್ಡನ್ನೇ ಆಳಿದವಳು ನೀನು, ಇಪ್ಪತ್ತೆರಡು ಮಕ್ಕಳಿಗೆ ಹೆದರ್ತೀಯಾ?’ ಎಂದು ನಕ್ಕುಬಿಟ್ಟ. ನಿಮಗೆ ಫೋನ್ ಆಗಿಬರುವುದಿಲ್ಲವೆಂದು ಮನೆಮಂದಿಗೆಲ್ಲ ಗೊತ್ತು. ಆದ್ದರಿಂದ ಬರೆಯುತ್ತಿದ್ದೇನೆ.

ಹೆದರಿದ್ದೇನೆ, ಅತ್ತಿಗೆ. ಹತ್ತೊಂಬತ್ತು ವರ್ಷ ರೋಗಿಗಳನ್ನು ಎತ್ತಿ ಮಲಗಿಸಿ ಸೊಂಟ ಕೈಕೊಟ್ಟ ಮೇಲೆ ಆಸ್ಪತ್ರೆಯವರು ನನ್ನನ್ನು ತಮ್ಮ ನರ್ಸಿಂಗ್ ಶಾಲೆಗೆ ಹಾಕಿದರು. ಕೆಲಸ ಬಲ್ಲವಳಿಗೆ ಕಲಿಸುವುದೇನು ಮಹಾ ಎಂದುಕೊಂಡಿದ್ದೆ. ಮೊದಲ ದಿನ ಒಂದು ಗಂಟೆಯ ಪಾಠವನ್ನು ಹನ್ನೊಂದು ನಿಮಿಷದಲ್ಲಿ ಮುಗಿಸಿದೆ. ಉಳಿದ ಹೊತ್ತೆಲ್ಲ ಕಪ್ಪುಹಲಗೆ ಒರೆಸುತ್ತ ನಿಂತೆ. ಅದರ ಮೇಲೆ ಏನೂ ಬರೆದಿರಲಿಲ್ಲ.

ನನ್ನ ಪಾಲಿಗೆ ಬಂದಿರುವುದು ಡ್ರಿಪ್. ಅಭ್ಯಾಸದ ಕೋಣೆಯಲ್ಲಿ ಆರು ಕಬ್ಬಿಣದ ಮಂಚ, ಮಂಚಕ್ಕೊಂದು ರಬ್ಬರಿನ ತೋಳು, ಒಂದು ಸ್ಟ್ಯಾಂಡು, ನಲ್ಲಿ ನೀರು ತುಂಬಿದ ಬಾಟಲಿ. ಇಷ್ಟು ದ್ರವ ಇಷ್ಟು ಗಂಟೆಯಲ್ಲಿ ಹೋಗಲಿ ಎಂದು ಡಾಕ್ಟರು ಬರೆಯುತ್ತಾರೆ. ಅದಕ್ಕೆ ನಿಮಿಷಕ್ಕೆ ಎಷ್ಟು ಹನಿ ಬೀಳಬೇಕೆಂದು ನರ್ಸು ಲೆಕ್ಕ ಹಾಕಬೇಕು. ಆಮೇಲೆ ಗಡಿಯಾರ ನೋಡುತ್ತ, ಹನಿ ಎಣಿಸುತ್ತ, ಕೊಳವೆಯ ಮೇಲಿನ ಸಣ್ಣ ಚಕ್ರ ತಿರುಗಿಸಿ ಅಷ್ಟಕ್ಕೇ ತಂದು ನಿಲ್ಲಿಸಬೇಕು. ಕಡಿಮೆಯಾದರೆ ಔಷಧ ಸಾಲದು. ಹೆಚ್ಚಾದರೆ, ಹೃದಯ ದುರ್ಬಲವಾಗಿರುವವರಿಗೆ ಉಸಿರೇ ಕಟ್ಟುತ್ತದೆ. ನಾನೇ ಕಣ್ಣಾರೆ ಕಂಡಿದ್ದೇನೆ.

ಸೆಪ್ಟೆಂಬರ್ ಒಂದಕ್ಕೆ ಇವರೆಲ್ಲ ವಾರ್ಡಿಗೆ ಹೋಗುತ್ತಾರೆ. ಅದಕ್ಕೂ ಮುಂಚೆ ಒಂದು ಪಟ್ಟಿ ನನ್ನ ಮೇಜಿಗೆ ಬರುತ್ತದೆ. ‘ಈ ವಿದ್ಯಾರ್ಥಿ ಯಾರ ನೆರವೂ ಇಲ್ಲದೆ ಡ್ರಿಪ್ ಹೊಂದಿಸಬಲ್ಲರು’ ಎಂಬ ಸಾಲು, ಅದರ ಕೆಳಗೆ ಇಪ್ಪತ್ತೆರಡು ಹೆಸರು, ಪ್ರತಿ ಹೆಸರಿನ ಎದುರು ನನ್ನ ಸಹಿ. ನನ್ನ ಕೆಲಸ ಕಾಯಂ ಆಗುವುದೋ ಇಲ್ಲವೋ ಎಂದು ಅದಾದ ಮೇಲೆ ಹೇಳುತ್ತಾರೆ. ಮತ್ತೆ ವಾರ್ಡಿಗೆ ಹೋಗುವ ಸೊಂಟ ನನಗಿಲ್ಲ.

ಮೂವತ್ತೊಂದು ವರ್ಷ ಗಣಿತ ಹೇಳಿಕೊಟ್ಟವರು ನೀವು. ನಿಮ್ಮ ತರಗತಿಯಲ್ಲಿ ಸೂಜಿ ಬಿದ್ದರೂ ಕೇಳಿಸುತ್ತಿತ್ತಂತೆ. ಹೇಗೆ ಮಾಡುತ್ತಿದ್ದಿರಿ?

ನಿಮ್ಮ ನಾದಿನಿ


ಜೂನ್ 17

ನಾದಿನಿ ಮಹಾರಾಯ್ತಿಗೆ,

ನಿನ್ನ ಪತ್ರ ಮೂರು ಸಲ ಓದಿದೆ, ಎರಡು ಸಲ ನಕ್ಕೆ. ಖಾಲಿ ಹಲಗೆ ಒರೆಸಿದ ಭಾಗವನ್ನು ನಿಮ್ಮಣ್ಣನಿಗೂ ಓದಿ ಹೇಳಿದೆ. ಆವತ್ತಿನಿಂದ ಯಾವ ಕೆಲಸ ಹೇಳಿದರೂ ‘ಹಲಗೆ ಒರೆಸ್ತಾ ಇದೀನಿ’ ಅನ್ನುತ್ತಾರೆ.

ನಿನ್ನದು ಬರಿಯ ಸಭಾಕಂಪ. ಅದಕ್ಕೆ ಮದ್ದಿದೆ. ಗೋಡೆಯ ಪಕ್ಕ ನಿಲ್ಲಬೇಡ. ಒಂದು ಮರದ ಹಲಗೆಯ ವೇದಿಕೆ ಹಾಕಿಸಿಕೊಂಡು ಅದರ ಮೇಲೆ ನಿಲ್ಲು. ಹಿಮ್ಮಡಿ ಗಟ್ಟಿಯಿರುವ ಶೂ ಹಾಕು. ಟೀಚರು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳಬೇಕು. ಅರ್ಧ ಗಲಾಟೆ ಅಲ್ಲೇ ಅಡಗುತ್ತದೆ.

ಮುಖ್ಯವಾದದ್ದು ಇನ್ನೊಂದು. ಒಂದೇ ಲೆಕ್ಕ ಹಿಡಿದುಕೋ. ಹತ್ತು ಬಗೆ ಕೊಟ್ಟರೆ ಹತ್ತರಲ್ಲೂ ಎಡವುತ್ತಾರೆ, ನಿನ್ನ ಧೈರ್ಯವೂ ಹೋಗುತ್ತದೆ, ಅವರದೂ ಹೋಗುತ್ತದೆ. ಒಂದನ್ನೇ ನೀರು ಕುಡಿದಷ್ಟು ಸುಲಭವಾಗುವವರೆಗೆ ಮಾಡಿಸು. ಎಲ್ಲರ ಬಾಯಲ್ಲೂ ಒಟ್ಟಿಗೆ ಹೇಳಿಸು. ಕೊನೆಗೆ ‘ಅರ್ಥ ಆಯ್ತಾ?’ ಎಂದು ಕೇಳಿ ಮುಖಗಳನ್ನು ನೋಡು. ತಲೆ ಆಡಿದರೆ ಪಾಠ ಇಳಿದಿದೆ ಎಂದೇ ಲೆಕ್ಕ. ಈ ವಿಷಯದಲ್ಲಿ ಕಿವಿಗಿಂತ ಕಣ್ಣು ನಂಬಿಕಸ್ಥ.

ನೀನು ಚೆನ್ನಾಗಿ ಕಲಿಸುತ್ತೀಯ. ಈ ಹಾಳು ಮಂಡಿನೋವು ಬರದಿದ್ದರೆ ನಾನೂ ಇನ್ನೆರಡು ವರ್ಷ ತರಗತಿಯಲ್ಲೇ ಇರುತ್ತಿದ್ದೆ.

ಅತ್ತಿಗೆ


ಜುಲೈ 8

ಅತ್ತಿಗೆ, ನಿಮ್ಮ ಮದ್ದು ಹತ್ತಿತು!

ವೇದಿಕೆ ಬಂತು, ಶೂ ಬಂತು, ಧ್ವನಿಯೂ ಬಂತು. ಒಂದೇ ಲೆಕ್ಕ ಹಿಡಿದಿದ್ದೇನೆ: ಐನೂರು ಎಂ.ಎಲ್., ನಾಲ್ಕು ಗಂಟೆ. ನಮ್ಮ ಕೊಳವೆಯಲ್ಲಿ ಒಂದು ಎಂ.ಎಲ್.ಗೆ ಇಪ್ಪತ್ತು ಹನಿ, ಅಂದರೆ ನಿಮಿಷಕ್ಕೆ ನಲವತ್ತೆರಡು. ‘ಎಷ್ಟು?’ ಎಂದರೆ ಸಾಕು, ‘ನಲವತ್ತೆರಡು!’ ಎಂದು ಕಿಟಕಿ ಅದುರುತ್ತದೆ. ಆರಾರು ಜನ ಮಂಚಗಳ ಬಳಿ ನಿಲ್ಲುತ್ತಾರೆ, ನಾನು ವೇದಿಕೆಯ ಮೇಲೆ ನಿಂತು, ಮೊದಲೇ ನಲವತ್ತೆರಡಕ್ಕೆ ಹೊಂದಿಸಿಟ್ಟ ನನ್ನ ಬಾಟಲಿಯ ಹನಿ ನೋಡುತ್ತಿರುತ್ತೇನೆ. ಎಲ್ಲರ ಕೈಯಲ್ಲೂ ಗಡಿಯಾರ. ಎರಡು ನಿಮಿಷ ಕಳೆಯುವುದರಲ್ಲಿ ಆರೂ ಬಾಟಲಿಗಳು ಒಂದೇ ತಾಳಕ್ಕೆ ಹನಿಯುತ್ತಿರುತ್ತವೆ. ಪ್ರಾಂಶುಪಾಲರು ಬಾಗಿಲಲ್ಲಿ ನಿಂತು ನೋಡಿ, ‘ಇದು ಪಾಠ ಅಂದ್ರೆ’ ಎಂದರು. ಅವತ್ತು ಊಟವೇ ಸೇರಲಿಲ್ಲ, ಖುಷಿಗೆ.

ಮಕ್ಕಳು ಪರಸ್ಪರ ಇಟ್ಟುಕೊಂಡ ಅಡ್ಡಹೆಸರುಗಳೇ ನನ್ನ ಬಾಯಿಗೂ ಬಂದಿವೆ. ಎಲ್ಲದರಲ್ಲೂ ಮೊದಲು ಬರುವವಳು ಗಿಣಿ. ನಾನು ಹೇಳಿದ್ದನ್ನು ಅಕ್ಷರ ಬಿಡದೆ ತಿರುಗಿ ಹೇಳುತ್ತಾಳೆ. ಹಿಂದಿನ ಸಾಲಿನಲ್ಲಿ ಮೂವತ್ತನಾಲ್ಕರ ಹೆಂಗಸೊಬ್ಬಳಿದ್ದಾಳೆ, ಎರಡು ಮಕ್ಕಳ ತಾಯಿ. ಉಳಿದವರಿಗೆಲ್ಲ ಅವಳು ದೊಡ್ಡಮ್ಮ. ನಿಧಾನ. ಪ್ರಶ್ನೆ ಜಾಸ್ತಿ. ಮೊನ್ನೆ ಎದ್ದು ನಿಂತು, ‘ಮೇಡಂ, ಇದೇ ಲೆಕ್ಕ ಬರದೆ ಬೇರೆ ಬಂದ್ರೆ ಹನಿ ನೋಡೋಕೆ ಹೇಗಿರುತ್ತೆ?’ ಎಂದಳು. ‘ದುಂಡಗೇ ಇರುತ್ತೆ, ದೊಡ್ಡಮ್ಮ’ ಎಂದು ಯಾರೋ ಅಂದರು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಉತ್ತರ ಕೊಟ್ಟೆನೋ ಇಲ್ಲವೋ ನೆನಪಿಲ್ಲ.

ಒಂದೇ ಒಂದು ಸಣ್ಣ ವಿಷಯ. ಶುಕ್ರವಾರ ನನ್ನನ್ನು ಕಚೇರಿಗೆ ಕರೆದಿದ್ದರು. ಹೊಂದಿಸುತ್ತಿರಿ ಎಂದು ಹೇಳಿ ಹೋದೆ. ಬಂದು ನೋಡಿದರೆ ಒಂದೂ ಸರಿಯಿರಲಿಲ್ಲ. ಒಬ್ಬಳದು ಅರವತ್ತು, ಒಬ್ಬಳದು ಮೂವತ್ತು. ಬೈದೆ. ಮರುಕ್ಷಣವೇ ಎಲ್ಲರದೂ ಸರಿಯಾಯಿತು. ಹರಟೆ ಹೊಡೆಯುತ್ತ ಕೂತಿದ್ದರು ಅನಿಸುತ್ತದೆ, ಅಲ್ಲವೇ?


ಜುಲೈ 19

ಮಹಾರಾಯ್ತಿ,

ಹರಟೆಯಲ್ಲದೆ ಇನ್ನೇನು? ಬೆಕ್ಕು ಮನೆಯಲ್ಲಿಲ್ಲದಿದ್ದರೆ ಇಲಿಗಳು ಲೆಕ್ಕ ಮಾಡುತ್ತವೆಯೇ? ಬೈದ ಕೂಡಲೇ ಸರಿಯಾಯಿತು ಎಂದರೆ ಬರುತ್ತದೆ ಎಂದೇ ಅರ್ಥ. ಹುಣ್ಣಿಲ್ಲದ ಕಡೆ ಕೆರೆದುಕೊಳ್ಳಬೇಡ.

ನಿನ್ನ ದೊಡ್ಡಮ್ಮನಂಥವರು ಪ್ರತಿ ತರಗತಿಗೂ ಒಬ್ಬರಿರುತ್ತಾರೆ. ಪಾಠ ಮುಗಿದ ಮೇಲೆ ಬಾ ಎನ್ನು. ಮಧ್ಯದಲ್ಲಿ ನಿಂತರೆ ಉಳಿದವರ ಲಯ ತಪ್ಪುತ್ತದೆ.

ನಿಮ್ಮಣ್ಣ ಬೆಳಗ್ಗೆಯಿಂದ ನನ್ನ ಎದುರು ಕೂತು ಏನೋ ಮಾತಾಡುತ್ತಲೇ ಇದ್ದಾರೆ. ತಲೆಯಾಡಿಸುತ್ತ ಇದನ್ನು ಬರೆಯುತ್ತಿದ್ದೇನೆ.

ಅತ್ತಿಗೆ


ಆಗಸ್ಟ್ 30

ಅತ್ತಿಗೆಗೆ,

ಎರಡೇ ಸಾಲು. ಪರೀಕ್ಷೆ ಮುಗಿಯಿತು. ಒಬ್ಬೊಬ್ಬರನ್ನೇ ಒಳಗೆ ಕರೆದು, ಎಂದಿನಂತೆ ವೇದಿಕೆಯ ಮೇಲೆ ನನ್ನ ಬಾಟಲಿಯ ಎದುರು ನಿಂತು, ಅವರು ಹೊಂದಿಸಿ ಮುಗಿಸಿದ ಮೇಲೆ ನಾನೇ ಗಡಿಯಾರ ಹಿಡಿದು ಎಣಿಸಿದೆ. ಎಲ್ಲರದೂ ನಲವತ್ತೊಂದರಿಂದ ನಲವತ್ತಮೂರರ ಒಳಗೆ. ದೊಡ್ಡಮ್ಮನದೂ. ಇಪ್ಪತ್ತೆರಡು ಸಹಿ ಹಾಕಿದೆ.

ನನ್ನ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ ನರ್ಸುಗಳೂ ಇಷ್ಟು ಕರಾರುವಾಕ್ಕಾಗಿ ಹೊಂದಿಸಿದ್ದನ್ನು ನಾನು ನೋಡಿಲ್ಲ. ಅದೊಂದೇ ಸ್ವಲ್ಪ... ಇರಲಿ ಬಿಡಿ. ದೃಷ್ಟಿಯಾಗುವುದು ಬೇಡ.


ಸೆಪ್ಟೆಂಬರ್ 21

ನಾದಿನಿಗೆ,

ಮೂರು ವಾರವಾಯಿತು, ನಿನ್ನ ಅಕ್ಷರ ಕಂಡಿಲ್ಲ. ಫೋನಿನಲ್ಲಿ ‘ಎಲ್ಲ ಸರಿ’ ಅಂದೆಯಂತೆ, ನಿಮ್ಮಣ್ಣ ಹೇಳಿದರು. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಕೈ ಮುರಿದುಕೊಂಡಾಗಲೂ ಹಾಗೇ ಅಂದಿದ್ದೆಯಂತೆ, ಅದನ್ನೂ ಅವರೇ ಹೇಳಿದರು.

ಕಾಯಂ ಮಾಡಲಿಲ್ಲವೇ? ಮಾಡದಿದ್ದರೆ ಬೆಟ್ಟವೇನೂ ತಲೆಯ ಮೇಲೆ ಬೀಳುವುದಿಲ್ಲ. ನಮ್ಮ ಮನೆಯಲ್ಲಿ ಒಂದು ಕೋಣೆ ಖಾಲಿ ಇದೆ. ನಾಚಿಕೆಪಟ್ಟುಕೊಂಡು ಸುಮ್ಮನಿರಬೇಡ. ಒಳ್ಳೆಯ ಶಿಕ್ಷಕಿಯನ್ನು ಗುರುತಿಸದವರದು ಅವರ ಕರ್ಮ.

ಬರೆ.

ಅತ್ತಿಗೆ


ಸೆಪ್ಟೆಂಬರ್ 29

ಅತ್ತಿಗೆಗೆ,

ನನ್ನನ್ನು ಕಾಯಂ ಮಾಡಿದ್ದಾರೆ. ಆದೇಶ ಹದಿನೈದಕ್ಕೆ ಕೈಸೇರಿತು.

ಆರನೇ ತಾರೀಕು ವಾರ್ಡಿನಲ್ಲಿ ಒಂದು ಘಟನೆ ನಡೆಯಿತು. ಹೃದಯದ ತೊಂದರೆಯಿದ್ದ ಒಬ್ಬ ನಿವೃತ್ತ ಬಸ್ ಡ್ರೈವರ್. ಅವರಿಗೆ ಐನೂರು ಎಂ.ಎಲ್. ಎಂಟು ಗಂಟೆಯಲ್ಲಿ ಹೋಗಬೇಕಿತ್ತು, ಎಂದರೆ ನಿಮಿಷಕ್ಕೆ ಇಪ್ಪತ್ತೊಂದು ಹನಿ. ಹೊಂದಿಸಿದವಳು ನಮ್ಮ ವಿದ್ಯಾರ್ಥಿನಿ, ನಾನು ಗಿಣಿ ಎಂದು ಬರೆದಿದ್ದೆನಲ್ಲ, ಆ ಹುಡುಗಿ. ಚಾರ್ಟಿನಲ್ಲಿ ಇಪ್ಪತ್ತೊಂದು ಎಂದು ಬರೆದು ಸಹಿ ಹಾಕಿದ್ದಾಳೆ. ಹೋಗುತ್ತಿದ್ದದ್ದು ನಲವತ್ತೆರಡು. ಮೂರು ಗಂಟೆ ಕಳೆಯುವಷ್ಟರಲ್ಲಿ ಅವರಿಗೆ ಉಸಿರು ಸಿಗದಾಯಿತು. ಹೆಡ್ ನರ್ಸ್ ಕಂಡು ನಿಲ್ಲಿಸಿದರು. ಐದು ದಿನ ತೀವ್ರ ನಿಗಾ ಘಟಕದಲ್ಲಿದ್ದು ಈಗ ಚೇತರಿಸಿಕೊಂಡಿದ್ದಾರೆ.

ಪ್ರಾಂಶುಪಾಲರು, ಒಬ್ಬ ಡಾಕ್ಟರು, ಹೆಡ್ ನರ್ಸ್, ಈ ಮೂವರ ಸಮಿತಿ ಕೂತಿದೆ. ಹುಡುಗಿ ಎಣಿಸದೆಯೇ ಚಾರ್ಟಿನಲ್ಲಿ ಸುಳ್ಳು ಬರೆದಿದ್ದಾಳೆ ಎನ್ನುವುದು ಅವರ ಅಭಿಪ್ರಾಯ. ಸುಳ್ಳು ಬರೆದವರನ್ನು ಶಾಲೆಯಿಂದ ತೆಗೆದುಹಾಕುವುದು ನಿಯಮ, ಮತ್ತೆಲ್ಲೂ ಸೇರಿಸಿಕೊಳ್ಳುವುದಿಲ್ಲ. ಅಕ್ಟೋಬರ್ ಇಪ್ಪತ್ತಕ್ಕೆ ಅಂತಿಮ ವಿಚಾರಣೆ. ನನ್ನನ್ನೂ ಕರೆದಿದ್ದರು. ನನ್ನ ಪಾಠದ ಟಿಪ್ಪಣಿ ನೋಡಿ ಡಾಕ್ಟರು ‘ಇದಕ್ಕಿಂತ ಚೆನ್ನಾಗಿ ಕಲಿಸಕ್ಕಾಗಲ್ಲ’ ಎಂದರು. ಹುಡುಗಿ ಅಜಾಗರೂಕಳೇ ಎಂದು ಕೇಳಿದರು. ಇರಬಹುದು ಎಂದೆ.

ನಿಮ್ಮ ಮಂಡಿ ಹೇಗಿದೆ?


ಅಕ್ಟೋಬರ್ 6

ಪ್ರೀತಿಯ ನಾದಿನಿಗೆ,

ಎರಡು ದಿನದಿಂದ ನಿನ್ನ ಪತ್ರ ಎದುರಿಗಿಟ್ಟುಕೊಂಡು ಕೂತಿದ್ದೇನೆ. ಗಣಿತದವಳು ನಾನು. ಅಜಾಗರೂಕತೆಯಿಂದ ಆದ ತಪ್ಪು ಮೂವತ್ತೇಳು ಆಗಬಹುದು, ಐವತ್ತೆರಡು ಆಗಬಹುದು. ಗುರಿಯಿಟ್ಟ ಹಾಗೆ ನಲವತ್ತೆರಡೇ ಆಗುವುದಿಲ್ಲ. ಅದು ನಿನ್ನ ಲೆಕ್ಕ. ಒಂದನ್ನೇ ಹಿಡಿ ಎಂದು ನಾನು ನಿನಗೆ ಕೊಟ್ಟ ಬುದ್ಧಿ.

ನೀನು ಏನನ್ನೋ ಬಿಟ್ಟು ಬರೆದಿದ್ದೀಯ. ಕೇಳುವ ಅಧಿಕಾರ ನನಗಿಲ್ಲ, ಏಕೆಂದರೆ ನಾನೂ ಬಿಟ್ಟೇ ಬರೆದವಳು. ಈಗ ಹೇಳಿಬಿಡುತ್ತೇನೆ.

ನನ್ನ ಮಂಡಿ ಗಟ್ಟಿಯಾಗಿದೆ. ದಿನವೂ ನಿಮ್ಮಣ್ಣನನ್ನು ಹಿಂದೆ ಬಿಟ್ಟು ಮೂರು ಮೈಲಿ ನಡೆಯುತ್ತೇನೆ. ಹೋಗಿರುವುದು ಕಿವಿ. ಕೊನೆಯ ಮೂರು ವರ್ಷ ತರಗತಿಯಲ್ಲಿ ಮಕ್ಕಳು ಹೇಳಿದ್ದು ನನಗೆ ಕೇಳಿಸುತ್ತಿರಲಿಲ್ಲ. ಪ್ರಶ್ನೆ ಕೇಳುತ್ತಿದ್ದೆ, ತುಟಿ ಆಡುತ್ತಿತ್ತು, ‘ಶಭಾಷ್’ ಎನ್ನುತ್ತಿದ್ದೆ. ‘ಅರ್ಥ ಆಯ್ತಾ?’ ಎಂದರೆ ತಲೆಗಳು ಆಡುತ್ತಿದ್ದವು. ಅಷ್ಟು ಸಾಕಾಗಿತ್ತು. ಮಕ್ಕಳಿಗೆ ಇದು ಬೇಗ ಗೊತ್ತಾಯಿತು. ದೊಡ್ಡವರಿಗೆ ಗೊತ್ತಾಗಲೇ ಇಲ್ಲ.

ಒಂದು ದಿನ ಮುಂದಿನ ಸಾಲಿನ ಹುಡುಗಿಯೊಬ್ಬಳಿಗೆ ಮೂರು ಪ್ರಶ್ನೆ ಕೇಳಿದೆ. ಮೂರಕ್ಕೂ ಶಭಾಷ್ ಎಂದೆ. ತರಗತಿಯ ಭುಜಗಳೆಲ್ಲ ಕುಲುಕುತ್ತಿದ್ದವು. ನಾಲ್ಕನೆಯ ಪ್ರಶ್ನೆಗೆ ಅವಳ ತುಟಿಯನ್ನೇ ದಿಟ್ಟಿಸಿ ನೋಡಿದೆ. ‘ಕುಂಬಳಕಾಯಿ’ ಎನ್ನುತ್ತಿದ್ದಳು. ನಾಲ್ಕಕ್ಕೂ ಅದೇ ಉತ್ತರ.

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ಆ ಮೂರು ವರ್ಷದ ಮಕ್ಕಳೆಲ್ಲ ಏನೇನು ಹೇಳಿರಬಹುದು, ನಾನು ಯಾವ ಯಾವ ತಪ್ಪಿಗೆ ಶಭಾಷ್ ಎಂದಿರಬಹುದು ಎನ್ನುವುದು ಮಾತ್ರ ತಲೆಯಿಂದ ಇಳಿಯಲಿಲ್ಲ. ಅವರನ್ನು ಮತ್ತೆ ಕೂರಿಸಿ ಕೇಳಬಹುದಿತ್ತು. ಅದರ ಬದಲು ಮಂಡಿನೋವೆಂದು ಬರೆದುಕೊಟ್ಟು ಮನೆಗೆ ಬಂದೆ. ನಿಮ್ಮಣ್ಣನಿಗೂ ಗೊತ್ತಿಲ್ಲ. ಅವರು ಮಾತಾಡುತ್ತಾರೆ, ತುಟಿ ನೋಡಿ ತಿಳಿದಷ್ಟು ತಿಳಿಯುತ್ತೇನೆ, ಉಳಿದದ್ದಕ್ಕೆ ತಲೆಯಾಡಿಸುತ್ತೇನೆ. ಇಷ್ಟು ವರ್ಷದ ಸಂಸಾರದಲ್ಲಿ ಅವರಿಗೆ ವ್ಯತ್ಯಾಸವೇ ತಿಳಿದಿಲ್ಲ.

ಅಂಥವಳು ನಿನಗೆ, ಕಿವಿಗಿಂತ ಕಣ್ಣು ನಂಬಿಕಸ್ಥ ಎಂದು ಬರೆದೆ.

ಆ ಹುಡುಗಿ ಸುಳ್ಳು ಬರೆದಳೇ? ನಿನಗೆ ಗೊತ್ತಿರುವುದೇನು?

ಅತ್ತಿಗೆ


ಅಕ್ಟೋಬರ್ 13

ಅತ್ತಿಗೆ,

ಮೊದಲು ಕಿವಿಯ ಡಾಕ್ಟರಿಗೆ ತೋರಿಸಿ. ನರ್ಸಾಗಿ ಹೇಳುತ್ತಿದ್ದೇನೆ. ಅಣ್ಣನಿಗೆ ನಾನು ಹೇಳುವುದಿಲ್ಲ.

ಗೊತ್ತಿರುವುದನ್ನು ಬರೆಯುತ್ತೇನೆ. ಘಟನೆಯಾದ ನಾಲ್ಕನೇ ದಿನ, ಸೆಪ್ಟೆಂಬರ್ ಹತ್ತಕ್ಕೆ, ದೊಡ್ಡಮ್ಮ ನನ್ನ ಕೋಣೆಗೆ ಬಂದಳು. ಕೂರು ಅಂದರೂ ಕೂರಲಿಲ್ಲ.

‘ಮೇಡಂ, ಅವಳು ಸುಳ್ಳು ಬರೆದಿಲ್ಲ. ಬೈಬೇಡಿ, ಹೇಳ್ತೀನಿ. ನಾವ್ಯಾರೂ ಗಡಿಯಾರ ನೋಡಿ ಎಣಿಸಿಲ್ಲ. ನಿಮ್ಮ ಕಾಲು ಕೇಳಿಸಿಕೊಳ್ತಿದ್ವಿ.’

‘ಯಾವ ಕಾಲು?’

‘ಬಲಗಾಲು. ನೀವು ವೇದಿಕೆ ಮೇಲೆ ನಿಂತ್ರೆ ಶೂ ತಾಳ ಹಾಕುತ್ತೆ. ಒಂದು ಹನಿಗೆ ಒಂದು ಟಕ್. ಅದಕ್ಕೆ ಸರಿಯಾಗಿ ಚಕ್ರ ತಿರುಗಿಸಿದ್ರೆ ಆಯ್ತು. ನಿಮಗೆ ಗೊತ್ತಿದ್ದೇ ಹಾಕ್ತೀರಿ, ನಮಗೆ ಸಹಾಯ ಆಗ್ಲಿ ಅಂತ, ಅಂದ್ಕೊಂಡಿದ್ವಿ.’

ನನಗೆ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಹನಿ ಎಣಿಸಿದ ದೇಹ. ಕಣ್ಣು ಹನಿಯ ಮೇಲಿದ್ದರೆ ಕಾಲು ತಾನಾಗಿ ಆಡುತ್ತದೆ. ವಾರ್ಡಿನಲ್ಲಿ ಮೆತ್ತನೆಯ ಚಪ್ಪಲಿ ಹಾಕುತ್ತಿದ್ದೆ, ಯಾರಿಗೂ ಕೇಳಿಸಿರಲಿಲ್ಲ.

ಕಾಗದದ ಮೇಲೆ ಅವರೆಲ್ಲರಿಗೂ ಲೆಕ್ಕ ಬರುತ್ತದೆ. ಗಿಣಿ ಇಪ್ಪತ್ತೊಂದನ್ನು ಸರಿಯಾಗಿಯೇ ಲೆಕ್ಕ ಹಾಕಿದ್ದಳು. ಆಮೇಲೆ ಚಕ್ರ ತಿರುಗಿಸಿ, ‘ಸರಿಯಾದ ಡ್ರಿಪ್’ ಎಂದು ಅವಳ ಮೈಗೆ ಅಭ್ಯಾಸವಾಗಿದ್ದ ತಾಳಕ್ಕೆ ತಂದು ನಿಲ್ಲಿಸಿದಳು. ಕೈಯಲ್ಲಿ ಗಡಿಯಾರವನ್ನೂ ಹಿಡಿದಿದ್ದಳು. ನನ್ನ ತರಗತಿಯಲ್ಲಿ ಹಿಡಿಯುತ್ತಿದ್ದಂತೆಯೇ. ಚಾರ್ಟಿನಲ್ಲಿ ಬರೆದದ್ದನ್ನು ಅವಳು ನಿಜವೆಂದೇ ನಂಬಿದ್ದಳು. ಹಾಸ್ಟೆಲಿಗೆ ಹೋಗಿ ಕೇಳಿದೆ. ‘ಇಪ್ಪತ್ತೊಂದು ಅಂದ್ರೆ ಎಷ್ಟು ನಿಧಾನ ಅಂತ ನಾನು ನೋಡೇ ಇರಲಿಲ್ಲ ಮೇಡಂ’ ಎಂದಳು. ಆಮೇಲೆ ಅವಳೇ ನನಗೆ ಸಮಾಧಾನ ಹೇಳಿದಳು, ನಿಮ್ಮ ತಪ್ಪಲ್ಲ ಎಂದು. ಅದನ್ನು ಕೇಳಿಸಿಕೊಂಡು ಸುಮ್ಮನೆ ಎದ್ದು ಬಂದೆ.

ಇದೆಲ್ಲ ಗೊತ್ತಿದ್ದೂ ಸಮಿತಿಯ ಮುಂದೆ ‘ಇರಬಹುದು’ ಎಂದೆ, ಅತ್ತಿಗೆ. ಕಾಯಂ ಆದೇಶ ಬಂದು ಮೂರೇ ದಿನವಾಗಿತ್ತು.

ಇನ್ನೂ ಇದೆ. ಉಳಿದ ಇಪ್ಪತ್ತೊಂದು ಜನ ನನ್ನ ಸಹಿಯ ಮೇಲೆ ಇವತ್ತೂ ವಾರ್ಡುಗಳಲ್ಲಿ ಡ್ರಿಪ್ ಹೊಂದಿಸುತ್ತಿದ್ದಾರೆ. ನಾನು ದಿನವೂ ಬೆಳಗ್ಗೆ ಶಾಲೆಗೆ ಮುಂಚೆ, ಯಾರನ್ನೋ ನೋಡಲು ಬಂದವಳಂತೆ, ಮಂಚದಿಂದ ಮಂಚಕ್ಕೆ ಸುತ್ತುತ್ತೇನೆ. ಮೊನ್ನೆ ಎರಡು ಸಿಕ್ಕವು, ಎರಡೂ ಹೆಚ್ಚು ವೇಗ. ಚಕ್ರ ತಿರುಗಿಸಿ ಬಂದೆ. ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಹೊಂದಿಸಿದವು ಏನಾಗಿವೆಯೋ ಗೊತ್ತಿಲ್ಲ. ಆಂಬುಲೆನ್ಸ್ ಸದ್ದು ಕೇಳಿದರೆ ಹೊರಗಿನ ರೋಗಿಯನ್ನು ತರುತ್ತಿದೆ ಎಂದು ನೆನಪಿಸಿಕೊಳ್ಳಬೇಕಾಗುತ್ತದೆ, ಒಳಗಿನದಲ್ಲ, ನನ್ನದಲ್ಲ ಎಂದು.

ಇಪ್ಪತ್ತಕ್ಕೆ ಎಲ್ಲ ಹೇಳಿಬಿಡಬೇಕೆಂದಿದ್ದೇನೆ. ಹೇಳುತ್ತೇನೆಂಬ ನಂಬಿಕೆ ನನಗಿಲ್ಲ.


ಅಕ್ಟೋಬರ್ 16

ನಾದಿನಿಗೆ,

ನಿನ್ನ ಪತ್ರ ಹನ್ನೊಂದು ಗಂಟೆಗೆ ಬಂತು. ಹನ್ನೊಂದೂಕಾಲಿಗೆ ನಿಮ್ಮಣ್ಣನಿಗೆ ನನ್ನ ಕಿವಿಯ ವಿಷಯ ಹೇಳಿದೆ. ಹೇಳದೆ ಫೋನ್ ಮಾಡಿಸುವ ದಾರಿ ಇರಲಿಲ್ಲ. ಅವರು ‘ಹಾಗಾದ್ರೆ ನಾನು ಇಷ್ಟು ದಿನ ಹೇಳಿದ್ದೆಲ್ಲ?’ ಎಂದು ಕೇಳಿದರು. ತುಟಿ ನೋಡಿ ತಿಳಿದೆ. ‘ಪುನಃ ಹೇಳಿ, ಕೇಳ್ತೀನಿ’ ಎಂದೆ.

ನಾನು ಬರೆದುಕೊಟ್ಟ ಮಾತನ್ನು ಅವರು ನಿನಗೆ ಫೋನಿನಲ್ಲಿ ಓದಿದರು: ‘ಇಪ್ಪತ್ತರವರೆಗೆ ಕಾಯಬೇಡ. ಆ ಮಂಚಗಳಲ್ಲಿ ಮಲಗಿರುವವರಿಗೆ ವಿಚಾರಣೆಯ ತಾರೀಕು ಗೊತ್ತಿಲ್ಲ. ಈಗಲೇ ಎದ್ದು ಹೋಗಿ ಹೇಳು.’ ನೀನು ‘ಸರಿ’ ಎಂದೆಯಂತೆ.

ನಿನ್ನ ಸರಿಯನ್ನು ನಾನು ನಂಬುವುದಿಲ್ಲ. ಮೂರು ವರ್ಷ ಅಂಥ ಸರಿಗಳನ್ನೇ ನಂಬಿ ಕೆಟ್ಟವಳು ನಾನು. ಆದ್ದರಿಂದ ಬರೆದೂ ಹಾಕುತ್ತಿದ್ದೇನೆ. ಹೋದೆಯಾ? ಯಾರಿಗೆ ಹೇಳಿದೆ? ಅವರು ಏನೆಂದರು? ಮೂರಕ್ಕೂ ಉತ್ತರ ಬರುವವರೆಗೆ ನನ್ನ ಲೆಕ್ಕದಲ್ಲಿ ನೀನು ಹೋಗಿಲ್ಲ.

ಅತ್ತಿಗೆ


ಅಕ್ಟೋಬರ್ 30

ಅತ್ತಿಗೆಗೆ,

ಹೋದೆ. ಅವತ್ತೇ. ಫೋನ್ ಇಟ್ಟ ಮೇಲೆ ಅರ್ಧ ಗಂಟೆ ಕುರ್ಚಿಯಲ್ಲೇ ಕೂತಿದ್ದೆ, ಅದನ್ನೂ ಹೇಳಬೇಕು. ಆಮೇಲೆ ಪ್ರಾಂಶುಪಾಲರ ಕೋಣೆಗೆ ಹೋದೆ. ಹೆಡ್ ನರ್ಸ್ ಅಲ್ಲೇ ಇದ್ದರು.

‘ಕಾಲಾ?’ ಎಂದರು ಪ್ರಾಂಶುಪಾಲರು.

‘ಬಲಗಾಲು.’

‘ಸೊಂಟ ಹೋಯ್ತು ಅಂತ ಇಲ್ಲಿಗೆ ಕಳಿಸಿದ್ವಿ,’ ಎಂದರು ಹೆಡ್ ನರ್ಸ್, ‘ಈಗ ಕಾಲೂ ಕೈಕೊಡ್ತಾ?’

ನಗು ಬರಲಿಲ್ಲ, ಅವರಿಗೂ. ಹುಡುಗಿಯನ್ನು ಉಳಿಸಲು ಕಟ್ಟಿದ ಕಥೆ ಎಂದುಕೊಂಡರು. ಯಾರನ್ನಾದರೂ ಆರು ಜನರನ್ನು ವಾರ್ಡಿನಿಂದ ಕರೆಸಿ ಎಂದೆ. ಡಾಕ್ಟರೂ ಬಂದರು. ಐನೂರು ಎಂ.ಎಲ್., ಎಂಟು ಗಂಟೆ ಎಂದು ಹಲಗೆಯ ಮೇಲೆ ಬರೆದೆವು. ನಾನು ಹೊರಗೆ ಪಡಸಾಲೆಯಲ್ಲಿ ನಿಂತೆ. ಕಾಗದದ ಮೇಲೆ ಆರೂ ಜನ ಇಪ್ಪತ್ತೊಂದು ಎಂದು ಬರೆದಿದ್ದರು. ಬಾಟಲಿಗಳಲ್ಲಿ ಡಾಕ್ಟರು ಎಣಿಸಿದ್ದು ಮೂವತ್ತೆಂಟು, ನಲವತ್ತನಾಲ್ಕು, ನಲವತ್ತು, ನಲವತ್ತೆರಡು, ಮೂವತ್ತಾರು. ದೊಡ್ಡಮ್ಮನದು ಮಾತ್ರ ಇಪ್ಪತ್ತೆರಡು. ಸೆಪ್ಟೆಂಬರ್ ಹತ್ತರಿಂದ ಅವಳು ಒಬ್ಬಳೇ ಕೂತು ಗಡಿಯಾರ ಹಿಡಿದು ಅಭ್ಯಾಸ ಮಾಡುತ್ತಿದ್ದಳಂತೆ.

ಡಾಕ್ಟರು ನೇರ ವಾರ್ಡಿನ ಕಡೆ ಹೊರಟರು. ಕಾಲು ಗಂಟೆಯಲ್ಲಿ ಎಲ್ಲ ವಾರ್ಡುಗಳಿಗೂ ಆದೇಶ ಹೋಯಿತು. ವಿದ್ಯಾರ್ಥಿಗಳು ಡ್ರಿಪ್ ಮುಟ್ಟುವಂತಿಲ್ಲ. ಓಡುತ್ತಿದ್ದ ಎಲ್ಲ ಡ್ರಿಪ್‌ಗಳನ್ನೂ ಹೆಡ್ ನರ್ಸ್ ತಾವೇ ಎಣಿಸಿದರು. ನಾಲ್ಕು ತಪ್ಪಾಗಿದ್ದವು. ಯಾರಿಗೂ ಏನೂ ಆಗಿರಲಿಲ್ಲ. ಆ ನಾಲ್ಕು ಮಂಚಗಳ ನಂಬರುಗಳು ನನಗೆ ಬಾಯಿಪಾಠವಾಗಿವೆ.

ಇಪ್ಪತ್ತರ ವಿಚಾರಣೆಯಲ್ಲಿ ಸುಳ್ಳು ಬರೆದಳೆಂಬ ಆರೋಪ ಬಿದ್ದುಹೋಯಿತು. ಗಿಣಿ ಶಾಲೆಯಲ್ಲಿ ಉಳಿದಳು. ಅರ್ಧ ವರ್ಷ ಹಿಂದಕ್ಕೆ, ಆದರೆ ಉಳಿದಳು. ನನ್ನ ಕಾಯಂ ಆದೇಶವನ್ನು ವಾಪಸು ತೆಗೆದುಕೊಂಡರು. ಗೊತ್ತಿದ್ದೂ ಐದು ವಾರ ಸುಮ್ಮನಿದ್ದೆನೆಂದು ಕಡತದಲ್ಲಿ ಬರೆದಿದ್ದಾರೆ. ಅದು ನಿಜ. ಮಾರ್ಚ್‌ವರೆಗೆ ಕಲಿಸಬಹುದು, ಆಮೇಲಿನದು ಆಮೇಲೆ. ನಿಮ್ಮ ಮೂರೂ ಪ್ರಶ್ನೆಗೆ ಉತ್ತರವಾಯಿತು.

ಈಗ ಹೇಗೆ ಕಲಿಸುತ್ತೇನೆಂದು ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ. ಕಲಿಸುತ್ತಿದ್ದೇನೋ ಇಲ್ಲವೋ ನನಗೇ ಗೊತ್ತಿಲ್ಲ. ವೇದಿಕೆ ತೆಗೆಸಿದೆ. ಡಬ್ಬದಲ್ಲಿ ಚೀಟಿಗಳಿವೆ, ಒಂದೊಂದರಲ್ಲೂ ಬೇರೆ ಬೇರೆ ಲೆಕ್ಕ. ಒಬ್ಬರು ಹೊಂದಿಸಿದ್ದನ್ನು ಇನ್ನೊಬ್ಬರು ಚೀಟಿ ನೋಡದೆ ಒಂದು ನಿಮಿಷ ಪೂರ್ತಿ ಎಣಿಸಬೇಕು. ಸಂಖ್ಯೆ ಕೂಡದಿದ್ದರೆ ಯಾಕೆಂದು ಅವರವರೇ ಜಗಳವಾಡಬೇಕು. ಕೋಣೆ ಈಗ ಸಂತೆ. ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ, ಕರೆದರೆ ಮಾತ್ರ ಒಳಗೆ ಹೋಗುತ್ತೇನೆ. ‘ಅರ್ಥ ಆಯ್ತಾ’ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ‘ಸರಿಯಿದೆ ಅಂತ ನಿನಗೆ ಹೇಗೆ ಗೊತ್ತು?’ ಎಂದು ಕೇಳುತ್ತೇನೆ. ಮೊದಮೊದಲು ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ಉತ್ತರ ಅಲ್ಲೇ ಬರೆದಿದೆ ಎನ್ನುವಂತೆ. ಹದಿನೈದು ದಿನದಲ್ಲಿ ನಾಲ್ವರಿಗೆ ಸಹಿ ಹಾಕಿದ್ದೇನೆ. ಒಬ್ಬೊಬ್ಬರಿಗೂ ಮೂರು ದಿನ, ಮೂರು ಚೀಟಿ.

ನಿನ್ನೆ ಗಿಣಿ ವಾಪಸು ಬಂದಳು. ಚೀಟಿ ತೆಗೆದಳು. ಏಳುನೂರೈವತ್ತು ಎಂ.ಎಲ್., ಎಂಟು ಗಂಟೆ. ಬಹಳ ಹೊತ್ತಾದ ಮೇಲೆ ನನ್ನನ್ನು ಕರೆದಳು. ಅವಳ ಚೀಟಿ ನೋಡದೆ ನಾನು ಒಂದು ನಿಮಿಷ ಎಣಿಸಿದೆ.

‘ಇಪ್ಪತ್ತೊಂಬತ್ತು’ ಎಂದೆ.

ಹಿಂದಿನ ಗಿಣಿಯಾಗಿದ್ದರೆ ‘ಹೌದು ಮೇಡಂ’ ಎಂದು ಚಕ್ರಕ್ಕೆ ಕೈ ಹಾಕುತ್ತಿದ್ದಳು. ಅವಳ ಮುಖ ಕೆಂಪಾಯಿತು. ಗಡಿಯಾರ ಹಿಡಿದು ಮತ್ತೊಮ್ಮೆ ಹನಿ ನೋಡಿದಳು. ಪೂರ್ತಿ ಒಂದು ನಿಮಿಷ.

‘ಇಲ್ಲ ಮೇಡಂ. ಮೂವತ್ತೊಂದು. ನೀವು ಇನ್ನೊಂದು ಸಲ ಎಣಿಸಿ.’

ಎಣಿಸಿದೆ, ಅತ್ತಿಗೆ. ಅವಳು ಸರಿಯಿರಲಿ ಎಂದು ಬೇಡಿಕೊಳ್ಳುತ್ತಿದ್ದೇನೋ ತಪ್ಪಿರಲಿ ಎಂದೋ ನನಗೇ ತಿಳಿಯಲಿಲ್ಲ. ಅರವತ್ತು ಸೆಕೆಂಡು ಅಷ್ಟು ಉದ್ದವಿರುತ್ತದೆಂದು ಇಷ್ಟು ವರ್ಷದಲ್ಲಿ ಒಮ್ಮೆಯೂ ಅನಿಸಿರಲಿಲ್ಲ. ಮೂವತ್ತೊಂದು.

ತಲೆ ಎತ್ತಿ ಏನೋ ಹೇಳಹೊರಟೆ. ಅವಳು ಅಲ್ಲಿರಲಿಲ್ಲ. ಆಗಲೇ ಪಕ್ಕದ ಮಂಚದ ಬಳಿ ನಿಂತು ಇನ್ನೊಬ್ಬಳ ಹನಿ ಎಣಿಸುತ್ತಿದ್ದಳು.

ನಿಮ್ಮ ನಾದಿನಿ